ಕೊಂಡಿಯಣ್ಣನೂ ಅತ್ತಿಗೆಯ ದನಿಯೂ

ಅಂಗಿಯ ಗುಂಡಿ ಮಾಡುವ ಆ ಕಾರ್ಖಾನೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನಿಗೆ ಎಲ್ಲರೂ ಕೊಂಡಿಯಣ್ಣ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರೊಂದು ಇತ್ತು. ಅದು ಸಂಬಳದ ಚೀಟಿಯಲ್ಲಿ ಮಾತ್ರ ಬಳಕೆಯಲ್ಲಿತ್ತು. ಯಾವ ಕೋಣೆಯಲ್ಲಿ ಯಾವ ಕಂಪ್ಯೂಟರು ಕೈಕೊಟ್ಟರೂ ಅವನು ಬಂದು, ಕುರ್ಚಿಯ ತುದಿಯಲ್ಲಿ ಕೂತು, ಕಪ್ಪು ಪರದೆಯ ಮೇಲೆ ಒಂದು ಸಾಲು ಕುಟ್ಟಿ, "ಒಂದು ಕೊಂಡಿ ಹಾಕಿದೀನಿ, ಸದ್ಯಕ್ಕೆ ಓಡತ್ತೆ" ಎಂದು ಎದ್ದು ಹೋಗುತ್ತಿದ್ದ. ಈ ಸದ್ಯ ಎನ್ನುವುದು ಕೆಲವು ಕೋಣೆಗಳಲ್ಲಿ ವರ್ಷಗಟ್ಟಲೆ ನಡೆದುಕೊಂಡು ಬಂದಿತ್ತು.

ಈ ಕೊಂಡಿ ಏನೆಂದು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅಲ್ಲಿನ ಕಂಪ್ಯೂಟರುಗಳೆಲ್ಲ ಲಿನಕ್ಸ್ ಎಂಬ ವ್ಯವಸ್ಥೆಯ ಮೇಲೆ ಓಡುವಂಥವು. ಅದರಲ್ಲಿ ಪ್ರತಿಯೊಂದು ಪ್ರೋಗ್ರಾಮೂ ತನ್ನ ಕೆಲಸವನ್ನೆಲ್ಲ ತಾನೇ ಮಾಡಿಕೊಳ್ಳುವುದಿಲ್ಲ. ಸದ್ದು ಹೊರಡಿಸಲು, ಚಿತ್ರ ಬಿಡಿಸಲು, ಅಕ್ಷರ ಮೂಡಿಸಲು ಎಲ್ಲರಿಗೂ ಸೇರಿದ ಫೈಲುಗಳಿರುತ್ತವೆ. ಅವಕ್ಕೆ ಲೈಬ್ರರಿ ಎನ್ನುತ್ತಾರೆ. ವಠಾರಕ್ಕೆಲ್ಲ ಒಂದೇ ಏಣಿ ಇದ್ದ ಹಾಗೆ. ತಕರಾರು ಶುರುವಾಗುವುದು ಏಣಿ ಬದಲಾಯಿಸಿದಾಗ. ಹಳೆಯ ಪ್ರೋಗ್ರಾಮು ಹಳೆಯ ನಂಬರಿನ ಲೈಬ್ರರಿಯನ್ನೇ ಹೆಸರು ಹಿಡಿದು ಕೇಳುತ್ತದೆ, ಸಿಗದಿದ್ದರೆ ಮುಖ ಊದಿಸಿಕೊಂಡು ಕೂರುತ್ತದೆ. ಆಗ ಕೊಂಡಿಯಣ್ಣ ಹಳೆಯ ಹೆಸರಿನಲ್ಲಿ ಒಂದು ಕೊಂಡಿ ಮಾಡಿ ಅದನ್ನು ಹೊಸ ಫೈಲಿಗೆ ಸಿಕ್ಕಿಸುತ್ತಿದ್ದ. ಹಳೆಯ ಹೆಸರು ಕೂಗಿದರೆ ಹೊಸದು "ಬಂದೆ" ಎನ್ನುತ್ತಿತ್ತು. ಬಹಳ ಸಲ ಅಷ್ಟರಿಂದಲೇ ಕೆಲಸ ಸಾಗುತ್ತಿತ್ತು. ಒಮ್ಮೆ ಮಾತ್ರ ನಾಲ್ಕು ತೂತಿನ ಗುಂಡಿಯ ನಕ್ಷೆಯಲ್ಲಿ ಐದು ತೂತು ಮೂಡಿದವು. ಮಾರಾಟ ವಿಭಾಗದವರು ಅದನ್ನು ಹೊಸ ಮಾದರಿ ಎಂದು ಒಪ್ಪಿಕೊಂಡರು.

ಮನೆಯಲ್ಲಿ ಅವನು ಚಿಕ್ಕೋನು. ಅಣ್ಣನ ಮನೆಯ ಮಹಡಿಯ ಕೋಣೆಯಲ್ಲಿ ಅವನ ವಾಸ. ಅತ್ತಿಗೆ ಆ ಮನೆಗೆ ಬಂದಾಗ ಅವನಿನ್ನೂ ಚಡ್ಡಿ ಹಾಕುವ ಹುಡುಗ. ತಾಯಿ ಆಗಲೇ ತೀರಿಕೊಂಡಿದ್ದಳು. ಮೂಗು ಒರೆಸಿದ್ದು, ಲೆಕ್ಕ ತಪ್ಪಿದಾಗ ಕಿವಿ ಹಿಂಡಿದ್ದು, ಪಾಸಾದಾಗ ಬೀದಿಗೆಲ್ಲ ಕೇಳುವಂತೆ ಹೇಳಿಕೊಂಡು ಬಂದದ್ದು ಎಲ್ಲ ಅತ್ತಿಗೆಯೇ. ಅವರು ಹೊಲಿಗೆ ತರಗತಿ ನಡೆಸುತ್ತಿದ್ದರು. ಹತ್ತಾರು ಯಂತ್ರಗಳ ಸದ್ದಿನ ಮೇಲೆ ಕೇಳಿಸಿ ಕೇಳಿಸಿ ಗಟ್ಟಿಯಾದ ದನಿ ಅದು. ಮನೆಗೆ ಬಂದ ಮೇಲೂ ತಗ್ಗಿಸುವ ಗೋಜಿಗೆ ಅವರು ಹೋಗುತ್ತಿರಲಿಲ್ಲ. ಅಣ್ಣ ಗಡಿಯಾರ ರಿಪೇರಿಯವನು, ಮಾತು ಕಡಿಮೆ. ಆ ಸಂಸಾರದಲ್ಲಿ ಮಾತೆಲ್ಲ ಅತ್ತಿಗೆಯದು, "ಹ್ಞೂಂ" ಮಾತ್ರ ಅಣ್ಣನದು. ಇಬ್ಬರಿಗೂ ಈ ಏರ್ಪಾಡು ಹಿಡಿಸಿತ್ತು.

ಅತ್ತಿಗೆಯ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಾಗ ಡಾಕ್ಟರು, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ನೇರವಾಗಿ ಹೇಳಿದರು. ಆಪರೇಷನ್ನಿಗೆ ಮೊದಲು ಕೊಂಡಿಯಣ್ಣ ಎಲ್ಲಿಂದಲೋ ಒಂದು ಪ್ರೋಗ್ರಾಮು ಹುಡುಕಿ ತಂದ. ಮೈಕಿನ ಮುಂದೆ ಕೂತು ಅದು ತೋರಿಸುವ ವಾಕ್ಯಗಳನ್ನು ಓದಿಟ್ಟರೆ, ಮುಂದೆ ಟೈಪ್ ಮಾಡಿದ್ದನ್ನೆಲ್ಲ ಅದು ಅದೇ ದನಿಯಲ್ಲಿ ಹೇಳುತ್ತಿತ್ತು. ಅತ್ತಿಗೆ ದಿನಗಟ್ಟಲೆ ಓದಿದರು. "ಹಡಗು ಬಂದರು ಬಿಟ್ಟಿತು" ಎಂಬ ವಾಕ್ಯ ಬಂದಾಗ ಮೈಕನ್ನು ಆಚೆ ತಳ್ಳಿದರು.

"ಯಾವ ಹಡಗೋ ಚಿಕ್ಕೋನೆ? ನಾನು ಹುಟ್ಟಿದಾಗಿಂದ ಹಡಗಿನ ಮಾತಾಡಿದೀನೇನೋ? 'ಒದ್ದೆ ಟವೆಲ್ ಎಲ್ಲಿ ಬಿಸಾಕಿದ್ರಿ' ಅಂತ ಓದ್ಸು. ಅದು ದಿನಾ ಬೇಕಾಗತ್ತೆ."

ಆಮೇಲೆ ಕೆಲವು ವರ್ಷಗಳಲ್ಲಿ ಅಣ್ಣನ ಕಣ್ಣು ಮಂಜಾಗುತ್ತ ಬಂದು, ಓದುವುದು ಪೂರ್ತಿ ನಿಂತುಹೋಯಿತು. ದನಿಯಿಲ್ಲದ ಹೆಂಡತಿ, ಅಕ್ಷರ ಕಾಣದ ಗಂಡ, ಇಬ್ಬರ ನಡುವೆ ನಡುಮನೆಯ ಮೇಜಿನ ಮೇಲೆ ಒಂದು ಕಂಪ್ಯೂಟರು. ಅದರ ದೆಸೆಯಿಂದ ಸಂಸಾರ ಮೊದಲಿನಂತೆಯೇ ನಡೆಯುತ್ತಿತ್ತು. ಅಂದರೆ ಅತ್ತಿಗೆ ಬೈಯುತ್ತಿದ್ದರು, ಅಣ್ಣ ಹ್ಞೂಂ ಎನ್ನುತ್ತಿದ್ದ.

ಎಡವಟ್ಟಾದದ್ದು ಒಂದು ರಜೆಯ ದಿನ. "ಚಿಕ್ಕೋನೆ, ಇದ್ರಲ್ಲಿ ರೇಡಿಯೊ ಬರ್ತಿಲ್ಲ ನೋಡೋ" ಎಂದ ಅಣ್ಣ. ರೇಡಿಯೊ ಕೇಳಿಸುತ್ತಿದ್ದ ಬ್ರೌಸರು ಹಳೆಯದಾಗಿತ್ತು. ಅದನ್ನು ಹೊಸದು ಮಾಡಲು ಹೊರಟರೆ ಅದು ಸದ್ದಿನ ಹೊಸ ಲೈಬ್ರರಿ ಬೇಕೆಂದಿತು. ಕೊಂಡಿಯಣ್ಣ ಆ ಕಂಪ್ಯೂಟರಿನ ಲಿನಕ್ಸನ್ನೇ ಪೂರ್ತಿ ಹೊಸದು ಮಾಡಿಬಿಟ್ಟ. ಎಲ್ಲ ಮುಗಿದ ಮೇಲೆ ಕಂಪ್ಯೂಟರು ಕೇಳಿತು: ಯಾರಿಗೂ ಬೇಡವಾದ ಕೆಲವು ಹಳೆಯ ಫೈಲುಗಳಿವೆ, ತೆಗೆಯಲೇ? ಈ ಪ್ರಶ್ನೆಗೆ ಅವನು ಕಾರ್ಖಾನೆಯಲ್ಲಿ ಎಷ್ಟು ಸಲ ಹೌದು ಎಂದಿದ್ದನೆಂದರೆ, ಈಗ ಬೆರಳು ಅವನನ್ನು ಕೇಳದೆ ತಾನೇ ಉತ್ತರ ಕೊಡುತ್ತಿತ್ತು. ಕೊಟ್ಟಿತು. ಅತ್ತಿಗೆಯ ಪ್ರೋಗ್ರಾಮನ್ನು ಹಿಂದೆ ಅವನೇ ಕೈಯಾರೆ ತಂದು ಹಾಕಿದ್ದ. ಕಂಪ್ಯೂಟರಿಗೆ ಅಂಥದೊಂದು ಇದೆಯೆಂದೇ ಗೊತ್ತಿರಲಿಲ್ಲ. ತನಗೆ ಗೊತ್ತಿದ್ದವರನ್ನೆಲ್ಲ ವಿಚಾರಿಸಿ, ಹಳೆಯ ಲೈಬ್ರರಿ ಬೇಕೆಂದವರು ಒಬ್ಬರೂ ಇಲ್ಲವೆಂದು ಖಚಿತ ಮಾಡಿಕೊಂಡು, ಅದನ್ನು ಗುಡಿಸಿ ಹಾಕಿತು. ಅದರ ತಪ್ಪೇನೂ ಇಲ್ಲ.

ರೇಡಿಯೊ ಚೆನ್ನಾಗಿ ಬಂತು. ಸ್ವಲ್ಪ ಹೊತ್ತಿಗೆ ಅತ್ತಿಗೆ ಬಂದು ಕೂತು ಏನೋ ಟೈಪ್ ಮಾಡಿದರು. ಸದ್ದಿಲ್ಲ. ಲೈಬ್ರರಿ ಸಿಗುತ್ತಿಲ್ಲ ಎಂಬ ಒಂದು ಸಾಲು ಪರದೆಯ ಮೇಲೆ ಬಂತು. ಕೊಂಡಿಯಣ್ಣ ಕುರ್ಚಿ ಎಳೆದುಕೊಂಡ.

"ಒಂದ್ನಿಮಿಷ ಅತ್ತಿಗೆ" ಎಂದ. ಹಾಕಿದ್ದು ಕೊಂಡಿಯನ್ನೇ, ಬೇರೇನು ಹಾಕಿಯಾನು? ಹೊಸ ಲೈಬ್ರರಿಗೆ ಹಳೆಯ ಹೆಸರು ಕೊಟ್ಟ. ಪ್ರೋಗ್ರಾಮು ಎದ್ದು ಕೂತಿತು, ಮಾತೂ ಆಡಿತು. ಆದರೆ ಬಾಗಿಲ ಸಂದಿಗೆ ಸಿಕ್ಕ ಇಲಿಮರಿಯ ದನಿಯಲ್ಲಿ ಆಡಿತು. ಅತ್ತಿಗೆ ನಿಧಾನವಾಗಿ ಟೈಪ್ ಮಾಡಿದರು. "ಇದು ನಾನಲ್ಲ" ಎಂದಿತು ಇಲಿಮರಿ. ಅಣ್ಣ ಹ್ಞೂಂ ಎನ್ನಲಿಲ್ಲ.

ಪ್ರೋಗ್ರಾಮು ಮಾಡಿದ ಕಂಪನಿ ಮುಚ್ಚಿಹೋಗಿತ್ತು. ಇಂಟರ್ನೆಟ್ಟಿನಲ್ಲಿ ಸಿಕ್ಕ ಹಳೆಯ ಲೈಬ್ರರಿಗಳಲ್ಲಿ ಒಂದು ತೀರಾ ಹಳೆಯದು, ಇನ್ನೊಂದು ಬೇರೆ ಬಗೆಯ ಕಂಪ್ಯೂಟರಿನದು, ಮತ್ತೊಂದು ತಾನು ಬರಬೇಕಾದರೆ ತನ್ನ ಬಳಗವೆಲ್ಲ ಬರಬೇಕೆನ್ನುವಂಥದು. ಮೊಬೈಲಿನ ಓದುವ ದನಿಯನ್ನು ಹಚ್ಚಿ ನೋಡಿದ. "ಯಾರೋ ಬ್ಯಾಂಕಿನಿಂದ ಮಾತಾಡ್ತಿದ್ದಾರೆ, ಬೇಡ ಅಂತ ಹೇಳು" ಎಂದು ಅಣ್ಣ ಎದ್ದು ಹೋದ.

ಕೊನೆಗೆ ಅತ್ತಿಗೆ ಹೊಲಿಗೆ ತರಗತಿಯ ಪುಟ್ಟ ಕಪ್ಪು ಹಲಗೆ ತಂದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆಯತೊಡಗಿದರು. ಅದನ್ನು ಅಣ್ಣನಿಗೆ ಓದಿ ಹೇಳುವ ಕೆಲಸ ಕೊಂಡಿಯಣ್ಣನ ಪಾಲಿಗೆ ಬಂತು.

"ರೀ, ಮಾತ್ರೆ ತಗೊಂಡ್ರಾ?" ಎಂದು ಅವನು ಇದ್ದದ್ದನ್ನು ಇದ್ದ ಹಾಗೇ ಓದಿದ.

"ನೀನು ನನ್ನ 'ರೀ' ಅನ್ಬೇಡ್ವೋ, ಒಂಥರಾ ಆಗತ್ತೆ" ಎಂದ ಅಣ್ಣ.

"ಅಣ್ಣಾ, ಮಾತ್ರೆ ತಗೊಂಡ್ಯಾ?"

ಅತ್ತಿಗೆ ಹಲಗೆಯನ್ನು ಬೆರಳಿನಿಂದ ಟಕಟಕ ಕುಟ್ಟಿದರು. ತಾವು ಬರೆದದ್ದು ಅದಲ್ಲ ಎಂದು ಅರ್ಥ. ಎರಡೂ ಕಡೆಯಿಂದ ಬೈಸಿಕೊಂಡು ಅವನು ಓದುತ್ತಲೇ ಹೋದ. ಅಣ್ಣ ಮಾತ್ರೆ ತೆಗೆದುಕೊಂಡ, ಊಟ ಮಾಡಿದ, ಟವೆಲನ್ನು ಹಗ್ಗದ ಮೇಲೆ ಹರವಿದ. ಮನೆ ನಡೆಯಿತು. ಆದರೆ ಬೈಗುಳ ನಿಂತುಹೋಯಿತು. ಹಲಗೆಯ ಮೇಲೆ ಬರುತ್ತಿದ್ದದ್ದೆಲ್ಲ ಚಿಕ್ಕ ಚಿಕ್ಕ, ಮರ್ಯಾದೆಯ ಮಾತು. ಅತ್ತಿಗೆ ಇಷ್ಟು ಮರ್ಯಾದೆಯಿಂದ ನಡೆದುಕೊಂಡದ್ದನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಅವನಿಗೆ ಭಯವಾಯಿತು.

ಒಂದು ಸಂಜೆ ಅತ್ತಿಗೆ ಆಸ್ಪತ್ರೆಗೆ ಹೋಗಿ ಬಂದರು. ವರ್ಷಕ್ಕೊಮ್ಮೆ ತೋರಿಸಿಕೊಳ್ಳುವುದು ಇತ್ತು; ಎಲ್ಲ ಸರಿಯಾಗಿದೆ ಎಂದು ಡಾಕ್ಟರು ಹೇಳಿದ್ದರು. ಅಣ್ಣನ ಪಕ್ಕದಲ್ಲಿ ಕೂತು ಹಲಗೆ ಎತ್ತಿಕೊಂಡರು. ಒಂದು ಸಾಲು ಬರೆದರು, ಇನ್ನೊಂದು ಬರೆದರು, ತಲೆಯೆತ್ತಿ ಕೊಂಡಿಯಣ್ಣನನ್ನು ನೋಡಿದರು. ಸೆರಗಿನಿಂದ ಒರೆಸಿಬಿಟ್ಟರು.

"ಏನಂತೆ?" ಎಂದ ಅಣ್ಣ.

"ಸರಿಯಾಗಿದೆಯಂತೆ."

"ಅಷ್ಟು ಹೊತ್ತು ಸುಣ್ಣದ ಸದ್ದು ಕೇಳ್ತಿತ್ತಲ್ಲ?"

"ಒರೆಸಿಬಿಟ್ರು ಅಣ್ಣ."

ಅಣ್ಣ ಅತ್ತಿಗೆಯ ಕಡೆಗೆ ಮುಖ ಮಾಡಿ ಸುಮ್ಮನೆ ಕಾದ. ಅತ್ತಿಗೆಯ ಕೈಯಲ್ಲಿ ಸುಣ್ಣ ಹಾಗೇ ಇತ್ತು. ಆ ಮಾತು ಏನೇ ಇರಲಿ, ಮೈದುನ ಓದಿ ಹೇಳುವಂಥದಲ್ಲ. ಗಂಡಹೆಂಡಿರ ನಡುವೆ ತಾನೇ ಒಂದು ಕೊಂಡಿಯಾಗಿ ಸಿಕ್ಕಿಕೊಂಡಿದ್ದೇನೆ, ಅವರ ಹೆಸರಿನಲ್ಲಿ ಬೇರೆ ಯಾರದೋ ದನಿ ಹೊರಡಿಸುತ್ತಿದ್ದೇನೆ ಎಂದು ಕೊಂಡಿಯಣ್ಣನಿಗೆ ಹೊಳೆಯಿತು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು.

ಮರುದಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ತುತ್ತು ಬಾಯಿಗಿಡುವಾಗ ಅವನಿಗೆ ಉಗ್ರಾಣ ನೆನಪಾಯಿತು. ಅಲ್ಲಿನ ಕಂಪ್ಯೂಟರಿಗೂ ಮನೆಯದಕ್ಕೂ ಅವನು ಒಂದೇ ಡಿಸ್ಕಿನಿಂದ ಲಿನಕ್ಸ್ ಹಾಕಿದ್ದ. ಉಗ್ರಾಣದ ಹೆಂಗಸನ್ನು ಎಲ್ಲರೂ ಸ್ಟೋರಮ್ಮ ಎನ್ನುತ್ತಿದ್ದರು. ಆಕೆ ಅಂದಿನಿಂದ ಇಂದಿನವರೆಗೆ ಅದನ್ನು ಹೊಸದು ಮಾಡಲು ಬಿಟ್ಟಿರಲಿಲ್ಲ. ಅಂದರೆ ಆ ಹಳೆಯ ಲೈಬ್ರರಿ ಅಲ್ಲಿ ಇನ್ನೂ ಇರಬೇಕು. ಕೊಂಡಿಯಣ್ಣ ಮ್ಯಾನೇಜರಿಗೆ ದೂರಿನ ಮೇಲೆ ದೂರು ಕೊಟ್ಟು, ಕಡೆಗೂ ಮೊನ್ನೆ ಅಪ್ಪಣೆ ಪಡೆದಿದ್ದ. ಆಕೆ ಎದುರಿಗಿದ್ದರೆ ರಂಪವಾದೀತೆಂದು, ಊಟದ ಬಿಡುವಿನಲ್ಲಿ ಅದು ತಾನಾಗಿ ಶುರುವಾಗುವಂತೆ ಇಟ್ಟಿದ್ದ. ಇವತ್ತಿನ ಊಟದ ಬಿಡುವಿನಲ್ಲಿ.

ತಟ್ಟೆ ಬಿಟ್ಟು ಓಡಿದ. ಗುಂಡಿಯ ಮೂಟೆಗಳನ್ನು ದಾಟಿ ಒಳಗೆ ಹೋದರೆ ಪರದೆ ಕಪ್ಪಗಿತ್ತು. ಸ್ಟೋರಮ್ಮ ಪಕ್ಕದಲ್ಲಿ ಕೂತು ಡಬ್ಬಿ ತೆರೆದು ಉಣ್ಣುತ್ತಿದ್ದಳು.

"ಅಕ್ಕಾ, ಕಂಪ್ಯೂಟರ್ ಏನಾಯ್ತು?"

"ತಾನೇ ಏನೋ ಶುರು ಮಾಡ್ಕೊಂಡಿತ್ತು. 'ಆರಿಸಬೇಡಿ' ಅಂತ ಬರೀತು. ಆರಿಸ್ದೆ."

"ಆರಿಸಬೇಡಿ ಅಂತ ಬರೆದಿತ್ತಲ್ಲಾ?"

"ಊಟದ ಹೊತ್ತಲ್ಲಿ ನಾನು ಎಲ್ಲಾ ಆರಿಸ್ತೀನಿ. ಫ್ಯಾನೂ ಆರಿಸ್ತೀನಿ. ಬೇಡ ಅನ್ನೋಕೆ ಅದ್ಯಾರು?"

ಕೊಂಡಿಯಣ್ಣ ಎರಡೂ ಕೈ ಎತ್ತಿ ಮುಗಿದ. ಇಷ್ಟು ವರ್ಷ ತನ್ನ ಮೇಲೆ ದೂರು ಹೇಳುತ್ತ ಬಂದವನಿಗೆ ಇದ್ದಕ್ಕಿದ್ದಂತೆ ಏನಾಯಿತೆಂದು ಸ್ಟೋರಮ್ಮ ಡಬ್ಬಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡಳು. ಕಂಪ್ಯೂಟರನ್ನು ಮತ್ತೆ ಹಚ್ಚಿದರೆ ಅದು ಗೊಣಗುತ್ತ ಎದ್ದಿತು. ಹೊಸ ಫೈಲುಗಳು ಇನ್ನೂ ಇಳಿಯುತ್ತಿದ್ದವಷ್ಟೆ. ಹಳೆಯದನ್ನು ಯಾರೂ ಮುಟ್ಟಿರಲಿಲ್ಲ. ಅತ್ತಿಗೆಗೆ ಬೇಕಾದ ಲೈಬ್ರರಿ, ಅದೇ ಹೆಸರು, ಅದೇ ನಂಬರು, ತನ್ನ ಜಾಗದಲ್ಲಿ ಕೂತಿತ್ತು. ಅವನು ಅದನ್ನು ಒಂದು ಪೆನ್‌ಡ್ರೈವಿಗೆ ಹಾಕಿಕೊಂಡ, ಇನ್ನೊಂದಕ್ಕೂ ಹಾಕಿಕೊಂಡ, ತನಗೆ ತಾನೇ ಮೇಲ್ ಕಳಿಸಿಕೊಂಡ.

"ಇನ್ಮೇಲೆ ನಿಮ್ಮ ಕಂಪ್ಯೂಟರ್ ತಂಟೆಗೆ ಬರಲ್ಲಕ್ಕ."

"ಮೊದಲೇ ಹೇಳಿದ್ದೆ" ಎಂದಳು ಸ್ಟೋರಮ್ಮ.

ಸಂಜೆ ಮನೆಗೆ ಬಂದು ಹಳೆಯ ಲೈಬ್ರರಿಯನ್ನು ಎಲ್ಲರಿಗೂ ಸೇರಿದ ಜಾಗದಲ್ಲಿ ಹೊಸದರ ಬದಲಿಗೆ ಇಟ್ಟ. ಅತ್ತಿಗೆಯ ಪ್ರೋಗ್ರಾಮು ಎದ್ದಿತು, ಅಣ್ಣನ ರೇಡಿಯೊ ಸತ್ತಿತು. ಮತ್ತೆ ಹೊಸದನ್ನು ಇಟ್ಟ. ರೇಡಿಯೊ ಎದ್ದಿತು, ಪ್ರೋಗ್ರಾಮು ಸತ್ತಿತು. ಕೊಂಡಿ ಹಾಕಲು ಬೆರಳು ತಾನಾಗಿ ಮುಂದೆ ಹೋಯಿತು. ಈ ಸಲ ಅವನು ಬೆರಳನ್ನು ತಡೆದು, ಕೈ ಕಟ್ಟಿಕೊಂಡು ಸ್ವಲ್ಪ ಹೊತ್ತು ಕೂತ.

ಆಮೇಲೆ, ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದ. ಹೊಸದನ್ನು ಅದರ ಜಾಗದಲ್ಲೇ ಬಿಟ್ಟು, ಅತ್ತಿಗೆಯ ಪ್ರೋಗ್ರಾಮು ಇರುವ ಫೋಲ್ಡರಿನೊಳಗೆ ಒಂದು ಮೂಲೆ ಮಾಡಿ, ಹಳೆಯದನ್ನು ಅಲ್ಲಿಟ್ಟ. ಪ್ರೋಗ್ರಾಮು ಶುರುವಾಗುವ ಮುನ್ನ ಅದಕ್ಕೆ ಒಂದು ಸಾಲಿನ ಅಪ್ಪಣೆ ಬರೆದ: ಬೇಕಾದ್ದನ್ನು ಮೊದಲು ನಿನ್ನ ಮನೆಯಲ್ಲೇ ಹುಡುಕು, ಅಲ್ಲಿ ಇಲ್ಲದಿದ್ದರೆ ಮಾತ್ರ ಹೊರಗೆ ಹೋಗು. ರೇಡಿಯೊ ಬರುತ್ತಲೇ ಇತ್ತು. ಪ್ರೋಗ್ರಾಮೂ ತೆರೆದುಕೊಂಡಿತು. ಇಬ್ಬರಿಗೂ ತಮ್ಮ ತಮ್ಮ ಏಣಿ ಸಿಕ್ಕಿತ್ತು.

"ಅತ್ತಿಗೆ, ಒಂದ್ಸಲ ನೋಡ್ತೀರಾ?"

ಅಣ್ಣ ರೇಡಿಯೊ ಆರಿಸಿದ. ಅತ್ತಿಗೆ ಕುರ್ಚಿ ಎಳೆದುಕೊಂಡು ಕೂತು ಬೆರಳಾಡಿಸಿದರು.

"ಚಿಕ್ಕೋನೆ."

ಹೊಲಿಗೆ ಯಂತ್ರಗಳ ಮೇಲೆ ಕೇಳಿಸುತ್ತಿದ್ದ ಅದೇ ದನಿ.

"ಹೇಳಿ ಅತ್ತಿಗೆ."

"ಆವತ್ತು ಹೌದು ಅಂತ ಒತ್ತುವಾಗ ಅದು ಏನು ಕೇಳ್ತಿದೆ ಅಂತ ಓದಿದ್ಯೇನೋ?"

ಈ ವಿಷಯವನ್ನು ಅವನು ಯಾರಿಗೂ ಹೇಳಿರಲಿಲ್ಲ. ಅವನು ಹೌದು ಒತ್ತುವಾಗ ಅತ್ತಿಗೆ ಹಿಂದೆಯೇ ನಿಂತು ಬಟ್ಟೆ ಮಡಿಸುತ್ತಿದ್ದದ್ದು ಈಗ ನೆನಪಾಯಿತು.

"ಇಲ್ಲ ಅತ್ತಿಗೆ."

"ಸ್ಕೂಲಲ್ಲೂ ಹಿಂಗೇ. ಪ್ರಶ್ನೆ ಪೂರ್ತಿ ಓದದೆ ಉತ್ತರ ಬರೆದು ಬರ್ತಿದ್ದೆ. ಮೂರ್ಖ."

ಎಷ್ಟೋ ದಿನದ ಮೇಲೆ ಬಿದ್ದ ಬೈಗುಳ. ಅವನಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಎರಡನ್ನೂ ತೋಳಿನಿಂದ ಒರೆಸಿಕೊಂಡ. ಅತ್ತಿಗೆ ಮತ್ತೆ ಟೈಪ್ ಮಾಡಿದರು.

"ಈಗ ಆಚೆ ಹೋಗು. ಬಾಗಿಲು ಹಾಕ್ಕೊಂಡು ಹೋಗು."

ಅವನು ಹೊರಗೆ ಬಂದು ಬಾಗಿಲು ಎಳೆದುಕೊಂಡ. ಚಪ್ಪಲಿ ಹುಡುಕುತ್ತ ಮೆಟ್ಟಿಲ ಬಳಿ ನಿಂತಾಗ ಒಳಗಿನಿಂದ ಕೀಲಿಮಣೆಯ ಸದ್ದು ಕೇಳುತ್ತಿತ್ತು. ಅದು ಬಹಳ ಹೊತ್ತು ನಿಲ್ಲಲಿಲ್ಲ. ನಿಂತ ಮೇಲೆ ಅತ್ತಿಗೆಯ ದನಿ ಬಂತು.

"ರೀ."

"ಹ್ಞೂಂ" ಎಂದ ಅಣ್ಣ, ಎಂದಿಗಿಂತ ಬೇಗ.

ಮುಂದಿನದು ಕಿವಿಗೆ ಬೀಳಬಾರದೆಂದು ಕೊಂಡಿಯಣ್ಣ ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಮಹಡಿ ಹತ್ತಿದ.