ಒಳ್ಳೆಮೆಣಸಿನ ಬಿಯರ್

ಬಿಯರ್ ಗ್ಲಾಸು ಮುಂದೆ ಬಂದರೆ ಅವರು ಮೊದಲು ಕುಡಿಯುತ್ತಿರಲಿಲ್ಲ. ಎರಡು ಹನಿ ಅಂಗೈಗೆ ಸುರಿದುಕೊಂಡು, ಎರಡೂ ಕೈ ಸೇರಿಸಿ ಉಜ್ಜಿ, ಮುಖ ಮುಚ್ಚಿಕೊಂಡವರಂತೆ ಮೂಸುತ್ತಿದ್ದರು. ಪಕ್ಕದ ಮೇಜಿನವರು ಇವರು ಅಳುತ್ತಿದ್ದಾರೆಂದೇ ತಿಳಿಯುತ್ತಿದ್ದರು.

ಕೊಚ್ಚಿಯ ಕಲೂರಿನ ನಮ್ಮ ಪತ್ರಿಕಾ ಕಚೇರಿಯಲ್ಲಿ ಅವರು ಪುರವಣಿಯ ಮುಖ್ಯಸ್ಥೆ. ಮಲಯಾಳಂ ರೂಢಿಯಂತೆ ಎಲ್ಲರಿಗೂ ಚೇಚಿ, ಅಂದರೆ ಅಕ್ಕ. ಮೂಲ ಮಂಗಳೂರು ಕಡೆ. ಹುಟ್ಟಿದ್ದು ಕೊಚ್ಚಿಯದೇ ಮಟ್ಟಾಂಚೇರಿಯ ಕಾಳುಮೆಣಸಿನ, ನಮ್ಮ ಕಡೆಯ ಮಾತಲ್ಲಿ ಒಳ್ಳೆಮೆಣಸಿನ, ಗೋದಾಮಿನ ಮೇಲಿನ ಮನೆಯಲ್ಲಿ. ತಂದೆ ಅಲ್ಲಿ ಮೆಣಸಿನ ಗುಣಮಟ್ಟ ನೋಡುತ್ತಿದ್ದರು. ಉಜ್ಜಿ ಮೂಸುವ ಅಭ್ಯಾಸ ತಂದೆಯದು. ಕಾಸರಗೋಡಿನವನಾದ ನನ್ನ ಜೊತೆ ಮಾತ್ರ ಚೇಚಿಯದು ಕನ್ನಡ, ಬೈಗುಳವೂ ಕನ್ನಡದಲ್ಲೇ.

ಸಣ್ಣ ಬ್ರೂವರಿಗಳ ಬಗ್ಗೆ ಬರೆಯಲು ನಾವಿಬ್ಬರೂ ಶಿಕಾಗೊಗೆ ಹೋಗಿದ್ದೆವು. ನಾಲ್ಕನೆಯ ದಿನ ಸಂಜೆ ನಾನೊಬ್ಬನೇ ಹೊಕ್ಕ, ಬಿಯರನ್ನು ಅಲ್ಲೇ ತಯಾರಿಸುವ ಬಾರೊಂದರ ಬೋರ್ಡಿನಲ್ಲಿ ಸೀಮೆಸುಣ್ಣದಲ್ಲಿ ಬರೆದಿತ್ತು: ಮಟ್ಟಾಂಚೇರಿ ಮೆಣಸಿನ ಬಿಯರ್. ಅಲ್ಲೇ ಕುಳಿತು ವರದಿ ಬರೆದು ಕಳಿಸಿದೆ. ಕಚೇರಿಯ ಡೆಸ್ಕಿನವರು ಅದನ್ನು ಮುಖಪುಟಕ್ಕೆ ತೆಗೆದುಕೊಂಡರು.

ಮರುದಿನ ಮಧ್ಯಾಹ್ನ ಚೇಚಿಯನ್ನು ಅಲ್ಲಿಗೆ ಕರೆದೊಯ್ದೆ. ಕೊಚ್ಚಿಯಲ್ಲಿ ಆಗ ರಾತ್ರಿ, ಪುಟ ಮುಗಿಯಲು ಇನ್ನೊಂದು ಗಂಟೆಯಿತ್ತು. ಚೇಚಿ ಮೂಸಿದರು. ಮತ್ತೆ ಮೂಸಿದರು.

“ಎಂತ ಮಾರಾಯಾ, ಇದು ನಮ್ಮ ಒಳ್ಳೆಮೆಣಸಾ?”

“ಬೋರ್ಡಲ್ಲಿ ಉಂಟಲ್ಲ ಚೇಚಿ.”

“ಬೋರ್ಡಲ್ಲಿ ನಾಳೆ ನಿನ್ನನ್ನು ರಾಜ ಅಂತ ಬರೀತಾರೆ. ಮೆಣಸಿನ ಚೀಲ ನೋಡಿದ್ಯಾ?”

“ಬರೀ ವಾಸನೆಯಿಂದ ಹೇಳ್ಲಿಕ್ಕೆ ಆಗ್ತದಾ?”

“ಆಗುದಿಲ್ಲ. ಅದಕ್ಕೇ ಚೀಲ ನೋಡುದು.”

“ಮುಖಪುಟ ಚೇಚಿ. ನನ್ನ ಮೊದಲನೇದು.”

“ಹಾಗಾದ್ರೆ ಬೇಗ ಹೋಗಿ ಕೇಳು.”

ಮಾಲೀಕ ಒಳಗಿಂದ ಚೀಲ ತಂದ. ಅದರ ಮೇಲೆ ವಿಯೆಟ್ನಾಂ ಎಂದಿತ್ತು. ಮೊದಲ ಸಲ ಮಟ್ಟಾಂಚೇರಿಯದನ್ನೇ ತರಿಸಿದ್ದನಂತೆ. ಮೆಣಸು ಬದಲಾದರೂ ಬೋರ್ಡು ಬದಲಾಗಿರಲಿಲ್ಲ. ಅವನ ಮುಖ ಸಣ್ಣದಾಯಿತು.

“ಬಿಯರ್ ಚೆಂದ ಉಂಟು ಅಂತ ಹೇಳು ಅವನಿಗೆ,” ಎಂದ ಚೇಚಿ, ಫೋನನ್ನು ನನ್ನತ್ತ ತಳ್ಳಿದರು. “ಡೆಸ್ಕಿಗೂ ನೀನೇ ಹೇಳ್ಬೇಕು.”

ಹೇಳಿದೆ. ವರದಿ ಮುಖಪುಟದಿಂದ ಇಳಿಯಿತು. ವಾರ ಕಳೆದು ಒಳಪುಟದಲ್ಲಿ, ಚೀಲದ ಸಂಗತಿಯ ಸಮೇತ ಬಂತು. ತಿಂಗಳುಗಟ್ಟಲೆ ಮುನಿಸಿಕೊಂಡಿದ್ದೆ. ಚೇಚಿ ಅದನ್ನು ಗಮನಿಸಲೇ ಇಲ್ಲ, ಅಥವಾ ಗಮನಿಸದವರಂತೆ ಹೊಸ ಕೆಲಸ ಕೊಡುತ್ತಲೇ ಹೋದರು.

ಹೋದ ವರ್ಷ ತಿರುವನಂತಪುರದ ಉಳ್ಳೂರಿನ ಆಸ್ಪತ್ರೆಯೊಂದರಲ್ಲಿ ಅವರು ತೀರಿಕೊಂಡರು. ಸುದ್ದಿ ಬರೆಯುವ ಕೆಲಸ ನನಗೆ ಬಂತು. ಡೆಸ್ಕಿನವರು ಪ್ರೀತಿಯಿಂದ ಒಂದು ಸಾಲು ಸೇರಿಸಿದ್ದರು: ಬಿಯರ್ ಬಗ್ಗೆ ಬರೆದ ಕೇರಳದ ಮೊದಲ ಪತ್ರಕರ್ತೆ.

ಆಧಾರವೇನೆಂದು ಕೇಳಿದೆ. ಯಾರ ಬಳಿಯೂ ಇರಲಿಲ್ಲ. ಆ ಸಾಲನ್ನು ಹೊಡೆದುಹಾಕಿ ಪುಟಕ್ಕೆ ಕಳಿಸಿದೆ.