ಹಿಂಬದಿಯ ಹಾಡು

ಮಡಂತ್ಯಾರಿನ ಶೀನಪ್ಪ ಶೆಟ್ರು ಮಸ್ಕತ್ತಿನ ಹೋಟೆಲಿನಲ್ಲಿ ದುಡಿದು ಊರಿಗೆ ಮರಳುವಾಗ ಚಿನ್ನ ತರಲಿಲ್ಲ. ಹಳೆಯ ಇಂಗ್ಲಿಷ್ ರಾಕ್ ಬ್ಯಾಂಡೊಂದರ ಮೊದಮೊದಲ ರೆಕಾರ್ಡುಗಳನ್ನು ತಂದರು. ಅವನ್ನು ನೋಡಲು ಬರುವ ಅಭಿಮಾನಿಗಳೆಲ್ಲ ಅವರ ಕಣ್ಣಿಗೆ ಕಳ್ಳರೇ. ಮನೆಗೆ ಬಂದವರಿಗೆ ಮೊದಲು ಕೊಡುವ ಬೆಲ್ಲ ನೀರು ಕೂಡ ನಂಬಿಕೆ ಬರುವವರೆಗೆ ಯಾರಿಗೂ ಇಲ್ಲ.

ಮೊನ್ನೆ ವಾಮದಪದವಿನಿಂದ ಶುಭಶ್ರೀ ಎಂಬ ಹುಡುಗಿ ಬಂದಳು. "ಮೊದಲ ರೆಕಾರ್ಡಿನಲ್ಲಿ ಹಿಂಬದಿಯ ಹಾಡೇ ಲಾಯ್ಕುಂಟು ಅಂಕಲ್," ಎಂದಳು.

"ಹೌದಾ? ಹಾಗಾದರೆ ಹಾಡಿ, ನೋಡುವ," ಎಂದರು ಶೆಟ್ರು, ಬಾಗಿಲಿಗೆ ಅಡ್ಡ ನಿಂತು.

ಅವಳು ಕಣ್ಣು ಮುಚ್ಚಿ ಹಾಡಿದಳು. ಎರಡನೆಯ ಚರಣದಲ್ಲಿ ಒಂದು ಸಾಲನ್ನು ಬಿಟ್ಟು ಮುಂದಕ್ಕೆ ಹಾರಿದಳು.

ಶೆಟ್ರ ಹುಬ್ಬು ಗಂಟಿಕ್ಕಿತು. ಅವರ ರೆಕಾರ್ಡಿನಲ್ಲಿ ಗೀರು ಬಿದ್ದು ಪ್ಲೇಯರಿನ ಮುಳ್ಳು ಹಾರುವುದು ಸರಿಯಾಗಿ ಅಲ್ಲೇ. ಆ ರೆಕಾರ್ಡಿನಿಂದ ಅವರು ನಕಲು ಮಾಡಿಕೊಂಡದ್ದು ಒಂದೇ ಕ್ಯಾಸೆಟ್. ಮಸ್ಕತ್ತಿನಲ್ಲಿ ಜೊತೆಗಿದ್ದ ಗೆಳೆಯ, ಕೇಳಿ ಕೊಡುತ್ತೇನೆಂದು ಅದನ್ನು ಒಯ್ದವನು, ಮತ್ತೆ ಮುಖ ತೋರಿಸಿರಲಿಲ್ಲ.

"ನೀನು ದೇವಿಪ್ರಸಾದನ ಮಗಳಾ ಮಾರಾಯ್ತಿ?"

ಅವಳು ಬೆಚ್ಚಿದಳು. "ಹೌದು. ನಿಮಗೆ ಹೇಗೆ ಗೊತ್ತಾಯ್ತು?"

"ಅಪ್ಪನನ್ನು ಕರ್ಕೊಂಡು ಬಾ. ಕ್ಯಾಸೆಟನ್ನು ಅವನೇ ಕೈಯಲ್ಲಿ ಹಿಡ್ಕೊಂಡು ಬರಲಿ. ಬೆಲ್ಲ ನೀರು ಇಬ್ಬರಿಗೂ ಆಗ ಕೊಡ್ತೇನೆ."