ಟವಲಿನ ಕೆಳಗಿನ ಒಪ್ಪಂದ

ಶ್ರೀರಂಗಪಟ್ಟಣದ ಅಕ್ಕಸಾಲಿಗರ ಮಗಳು ಪ್ರಮೀಳಾಗೆ ಒಂದು ಕೆಟ್ಟ ಚಾಳಿಯಿತ್ತು. ಯಾರ ಮನೆಗೆ ಹೋದರೂ, ಅವರು ಮಕ್ಕಳ ಮೇಲೆ ದೂರು ಶುರುಮಾಡುವ ಮೊದಲೇ, ನಿಮ್ಮ ಮಗು ಯಾವುದರಲ್ಲಿ ಗಟ್ಟಿ ಎಂದು ಕೇಳಿಬಿಡುವಳು. ಮಕ್ಕಳಿಗೂ ಮನೆಯವರಿಗೂ ಆಪ್ತಸಲಹೆ ಕೊಡುವ ಸಂಸ್ಥೆಯೊಂದರಲ್ಲಿ ಅವಳಿಗೆ ಕೆಲಸ. ಎದೆಯ ಭಾರವೆಲ್ಲ ಇಳಿಸಿಕೊಳ್ಳಲು ಕಾಫಿ ಕಾಸಿಟ್ಟುಕೊಂಡು ಕೂತವರಿಗೆ ಈ ಪ್ರಶ್ನೆಯಿಂದ ಬಾಯಿ ಕಟ್ಟಿಹೋಗುತ್ತಿತ್ತು. ಪಾಂಡವಪುರದ ಒಬ್ಬ ತಾಯಿಯಂತೂ ಬಹಳ ಹೊತ್ತು ಯೋಚಿಸಿ, ಚೆನ್ನಾಗಿ ಉಣ್ಣುತ್ತಾನೆ ಎಂದಿದ್ದಳು. ಪ್ರಮೀಳಾ ಅದಕ್ಕೇ ಹಿಗ್ಗಿ, ಆ ಪೋಕರಿಯ ಕೈಗೆ ಸೌಟು ಕೊಡಿಸಿದಳು. ಸಾರಿಗೆ ಉಪ್ಪು ಹೆಚ್ಚಾಯಿತು, ತಾಯಿ ಮಗನ ಜಗಳ ಕಡಿಮೆಯಾಯಿತು.

ತೊಂಬತ್ತನಾಲ್ಕನೇ ಇಸವಿಯಲ್ಲಿ ಅವಳು ಅರಕೆರೆಯ ಬಸ್ಸು ಹತ್ತಿದ್ದು ಅರ್ಪಿತಳಿಗಾಗಿ. ಎರಡನೇ ಕ್ಲಾಸಿನ ಆ ಹುಡುಗಿ ಮನೆಯಲ್ಲಿ ಪಟಪಟ ಮಾತಾಡುವಳು. ಸ್ಕೂಲಿನ ಬಾಗಿಲು ದಾಟಿದರೆ ಹೂಂ ಕೂಡ ಇಲ್ಲ. ಮೇಷ್ಟ್ರು ಮರಿಸ್ವಾಮಿ ಗದರಿ, ಬೆಂಚಿನ ಮೇಲೆ ನಿಲ್ಲಿಸಿ, ಕೊನೆಗೆ ಪೆಪ್ಪರಮೆಂಟು ಕೊಟ್ಟು ಸೋತಿದ್ದರು. ದಸರಾ ರಜೆ ಕಳೆದ ಮೇಲೂ ಬಾಯಿ ಬಿಡದಿದ್ದರೆ ಮಗುವನ್ನು ಸ್ಕೂಲು ಬಿಡಿಸಿಕೊಂಡು ಹೋಗಿ ಎಂದು ಹೇಳಿ ಕಳಿಸಿದ್ದರು.

ಪ್ರಮೀಳಾಳ ಪ್ರಶ್ನೆಗೆ ಅರ್ಪಿತಳ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಜಗಲಿಯ ಮೇಲಿದ್ದ ತಾತ ಮುದ್ದಯ್ಯ ಮಾತ್ರ ನಕ್ಕ. ಅವನು ದನದ ದಳ್ಳಾಳಿ.

"ಯಾಪಾರದಲ್ಲಿ ನನ್ನೇ ತಿಂದು ನೀರು ಕುಡೀತಾಳೆ ಕಣವ್ವ" ಎಂದ.

ದನದ ವ್ಯಾಪಾರದಲ್ಲಿ ರೇಟು ಸುತ್ತಲಿನವರಿಗೆ ತಿಳಿಯಬಾರದೆಂದು ಕೈಗಳ ಮೇಲೆ ಟವಲು ಹೊದಿಸಿ, ಬೆರಳು ಒತ್ತಿ ಚೌಕಾಸಿ ಮಾಡುವುದುಂಟು. ತಾತ ಮೊಮ್ಮಗಳು ಹಾಗೇ ಎಲ್ಲವನ್ನೂ ಇತ್ಯರ್ಥ ಮಾಡುತ್ತಿದ್ದರು: ತಾತನ ಬೆನ್ನನ್ನು ಅವಳು ಎಷ್ಟು ಸಲ ತುಳಿಯಬೇಕು, ಅದಕ್ಕೆ ತಾತ ಎಷ್ಟು ಕಡ್ಲೆಮಿಠಾಯಿ ಕೊಡಬೇಕು. ತನ್ನ ಕ್ಲಿಪ್ಪು ಎಷ್ಟು ಕೊಡಬೇಕೆಂದು ಪ್ರಮೀಳಾ ತಾನೂ ಟವಲಿನ ಕೆಳಗೆ ಕೈಯಿಟ್ಟಳು. ಅವಳ ಮುಖವನ್ನೂ ನೋಡದಿದ್ದ ಹುಡುಗಿ ಬೆರಳಲ್ಲಿ ಎಷ್ಟು ಸೊಗಸಾಗಿ ಜಗ್ಗಾಡಿದಳೆಂದರೆ, ಪ್ರಮೀಳಾ ತಲೆಯ ಕ್ಲಿಪ್ಪುಗಳನ್ನೆಲ್ಲ ಬಿಚ್ಚಿಕೊಟ್ಟು, ಕೆದರಿದ ಕೂದಲಲ್ಲೇ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದಳು.

ರಜೆ ಮುಗಿದ ದಿನ ಪ್ರಮೀಳಾ ಮುದ್ದಯ್ಯನ ಟವಲು ಹಿಡಿದು ಸ್ಕೂಲಿಗೆ ಹೋಗಿ, ಅರ್ಪಿತಳೊಡನೆ ಬೆರಳಲ್ಲೇ ಚೌಕಾಸಿ ಮಾಡಿ ಎಂದು ಮೇಷ್ಟ್ರನ್ನು ಕೇಳಿದಳು. ನಾನೇನು ಎತ್ತು ಮಾರಲು ಬಂದಿದ್ದೇನೆಯೇ ಎಂದು ಮೇಷ್ಟ್ರು ಸಿಡಿಮಿಡಿಗೊಂಡರು. ಆದರೂ, ಈ ಹೆಂಗಸು ತೊಲಗಿದರೆ ಸಾಕೆಂದು, ಯಾವ ಬೆರಳಿಗೆ ಎಷ್ಟೆಂದು ಕೇಳಿಕೊಂಡು ಟವಲಿನ ಕೆಳಗೆ ಕೈ ತೂರಿಸಿದರು. ದಿನಕ್ಕೆ ಮನೆಗೆ ಎಷ್ಟು ಲೆಕ್ಕ ಕೊಡಬೇಕೆಂಬುದೇ ವ್ಯವಹಾರ. ಮೇಷ್ಟ್ರು ಹತ್ತರಿಂದ ಶುರುಮಾಡಿದರು. ಅರ್ಪಿತ ಜಗ್ಗಲಿಲ್ಲ. ಮೇಷ್ಟ್ರ ಹಣೆ ಬೆವರಿತು, ಮಕ್ಕಳು ಬೆಂಚು ಹತ್ತಿ ನೋಡಿದರು. ಕೊನೆಗೆ ನಾಲ್ಕಕ್ಕೆ ಇತ್ಯರ್ಥವಾಯಿತು.

ಇಡೀ ಕ್ಲಾಸಿನ ಮುಂದೆ ಸೋಲುವುದು ಮೇಷ್ಟ್ರಿಗೆ ಒಗ್ಗಲಿಲ್ಲ. ಕೈ ಎಳೆದುಕೊಂಡವರೇ, "ಆರು ಲೆಕ್ಕಕ್ಕೆ ಒಪ್ಪಿದಾಳೆ" ಎಂದು ಸಾರಿಬಿಟ್ಟರು.

ಅರ್ಪಿತ ಮೇಷ್ಟ್ರನ್ನು ದುರುಗುಟ್ಟಿದ್ದು ನೋಡಿ ಪ್ರಮೀಳಾಗೆ ಮೋಸ ಗೊತ್ತಾಯಿತು. ಮಗು ಇನ್ನು ಯಾರ ಕೈಯನ್ನೂ ನಂಬುವುದಿಲ್ಲ, ಎಲ್ಲ ಮುಗಿಯಿತು ಎಂದುಕೊಂಡಳು.

"ನಾಕು."

ಯಾರು ಅಂದದ್ದೆಂದು ಮಕ್ಕಳೆಲ್ಲ ತಿರುಗಿ ನೋಡಿದರು. ಅರ್ಪಿತಳ ಮುಖ ಕೋಪಕ್ಕೆ ಕೆಂಪಾಗಿತ್ತು.

"ನಾಕು ಅಂತ ಒಪ್ಕಂಡ್ರಿ ಸಾ. ಮಾತು ತಪ್ಪುದ್ರೆ ಯಾಪಾರ ಮುರ್ದಂಗೆ ಅಂತ ನಮ್ ತಾತ ಏಳೈತೆ. ಈಗ ಎರ್ಡೇ."

ಪ್ರಮೀಳಾ ದನದ ವಾಸನೆಯ ಆ ಟವಲಿನಲ್ಲೇ ಕಣ್ಣೊರೆಸಿಕೊಂಡಳು. ಮೇಷ್ಟ್ರು ತೆಪ್ಪಗೆ ಸೀಮೆಸುಣ್ಣ ಎತ್ತಿಕೊಂಡು ಬೋರ್ಡಿನ ಮೇಲೆ ಎರಡೇ ಲೆಕ್ಕ ಬರೆದರು.